ಎದ್ದು ಹೋದ ಗಿರಾಕಿ

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ, “ನನ್ನೆಸ್ರು ಆಕೋಕೆ ನಿಂಗ್ಯಾರಮ್ಮ ಏಳಿದ್ದು?” ಎಂದು ಬಾಗಲೂರಿನಿಂದಲೇ ಬೈಯುವ ಪೈಕಿ ಅವರು. ಈಗ ಬೈಯಲು ಅವರಿಲ್ಲ, ಆದರೂ ನನ್ನ ಭಯ ಹೋಗಿಲ್ಲ. ನಾವೆಲ್ಲ ಅವರನ್ನು ಸರ್ ಎನ್ನುತ್ತಿದ್ದೆವು. ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುವ ಆಫೀಸಿನಲ್ಲಿ ಅವರೊಬ್ಬರೇ ಸರ್. ಮ್ಯಾನೇಜರ್ ಕೂಡ ಹಾಗೇ ಕರೆಯುತ್ತಿದ್ದ, ಅವರ ಮೇಲೆ ರೇಗುವಾಗಲೂ.

೨೦೧೦ರ ಸುಮಾರಿಗೆ ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕಂಪನಿ ಕೆಂಪಾಪುರದಲ್ಲಿ, ಒಂದು ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಅಪಾರ್ಟ್‌ಮೆಂಟುಗಳ ನೀರಿನ ಪಂಪು, ಲಿಫ್ಟು, ಜನರೇಟರು ಹೇಗಿವೆ ಎಂದು ತೋರಿಸುವ ಒಂದು ಪೆಟ್ಟಿಗೆಯನ್ನು ಮಾಡುತ್ತಿದ್ದೆವು. ಅದರೊಳಗೆ ಪುಟ್ಟದೊಂದು ವೆಬ್ ಸರ್ವರ್. ಯಾರಾದರೂ ತಮ್ಮ ಕಂಪ್ಯೂಟರಿನಿಂದ ಕೇಳಿದರೆ ಅದು ಪುಟ ಕಳಿಸಬೇಕು, ಕಳಿಸಿದ್ದನ್ನು ಲಾಗ್ ಎಂಬ ದಾಖಲೆಯಲ್ಲಿ ಒಂದು ಸಾಲಾಗಿ ಬರೆದಿಡಬೇಕು. ಎಲ್ಲ ಸರಿಯಾಗಿ ಮುಗಿದರೆ ಆ ಸಾಲಿನಲ್ಲಿ ೨೦೦ ಎಂಬ ಸಂಖ್ಯೆ. ಕೇಳಿದ ಪುಟವೇ ಇಲ್ಲದಿದ್ದರೆ ೪೦೪. ಇದೆಲ್ಲ ನೆಟ್ಟಗೆ ನಡೆಯುತ್ತಿದೆಯೋ ಇಲ್ಲವೋ ನೋಡುವುದು ಟೆಸ್ಟಿಂಗ್‌ನವರ ಕೆಲಸ. ಟೆಸ್ಟಿಂಗ್‌ನವರು ಅಂದರೆ ಸರ್ ಮತ್ತು ನಾನು.

ಮೊದಲ ದಿನ ನಾನು ಪುಸ್ತಕದಲ್ಲಿ ಓದಿದ್ದನ್ನೆಲ್ಲ ಒಪ್ಪಿಸಿದೆ. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿ, ಆಮೇಲೆ ಏನೂ ಕೇಳಿಯೇ ಇಲ್ಲವೆನ್ನುವಂತೆ ಶುರುಮಾಡಿದರು.

“ನೋಡಮ್ಮ, ಸರ್ವರ್ ಅಂದ್ರೆ ಅಂಗ್ಡಿ. ಬರೋನು ಗಿರಾಕಿ. ಒಳ್ಳೆ ಗಿರಾಕಿನ ಯಾವ್ ಅಂಗ್ಡಿನಾದ್ರೂ ಸಂಬಾಳಿಸ್ತದೆ. ನಾವು ಕಳಿಸ್ಬೇಕಾಗಿರೋದು ಕೆಟ್ ಗಿರಾಕಿಗಳ್ನ. ತಲುಪ್ತಾ?”

ಏನು ಹೇಳಿದರೂ ಕೊನೆಗೊಂದು “ತಲುಪ್ತಾ?” ಇರುತ್ತಿತ್ತು. ಅರ್ಥವಾಯಿತಾ ಎಂದು ಕೇಳುವವರನ್ನು ನೋಡಿದ್ದೆ. ಇವರು ಕೇಳುತ್ತಿದ್ದುದು ಬಂದು ಸೇರಿತಾ ಎಂದು.

ಅವರ ಬಳಿ ಕೆಟ್ಟ ಗಿರಾಕಿಗಳ ಒಂದು ದೊಡ್ಡ ಪಟಾಲಮ್ಮೇ ಇತ್ತು. ಒಂದೊಂದೂ ಒಂದೊಂದು ಪ್ರೋಗ್ರಾಮು. ಸಂಪರ್ಕ ತೆರೆದು ಒಂದು ಮಾತೂ ಆಡದೆ ಕೂರುವವನು ಮೂಗ ಬಸವ. ಒಂದೊಂದೇ ಅಕ್ಷರ ಕಳಿಸುತ್ತ ಸರ್ವರ್‌ನ ಪ್ರಾಣ ತಿನ್ನುವವನು ತೊದಲ. ಕೆಲಸ ಮುಗಿದರೂ ಎದ್ದು ಹೋಗದವನು ಜಗಲಿ ರಾಮ. ಯಾರಾದರೂ ಸರ್ವರ್‌ನ ಕೋಡ್ ಬದಲಿಸಿದರೆ ಸಾಕು, ಈ ಪಟಾಲಮ್ಮು ತಾನೇ ಎದ್ದು ಸಾಲಾಗಿ ಹೋಗಿ ಅಂಗಡಿಗೆ ನುಗ್ಗುತ್ತಿತ್ತು. ಸರ್ವರ್ ತಡೆದುಕೊಂಡರೆ ನಮ್ಮ ಪರದೆಯಲ್ಲಿ ಹಸಿರು, ಇಲ್ಲದಿದ್ದರೆ ಕೆಂಪು. ಕೆಂಪು ಬಂದ ದಿನ ಸರ್ ಮುಖದಲ್ಲಿ ಕಳೆ ಬರುತ್ತಿತ್ತು. ಪುಣೆಯ ಗ್ರಾಹಕರಿಗೆ ಕಳಿಸುವ ಇಂಗ್ಲಿಷ್ ವರದಿಯಲ್ಲಿ ಮೂಗ ಬಸವನನ್ನು ಏನೆಂದು ಬರೆಯುವುದು ಎಂಬ ಕಷ್ಟ ಮಾತ್ರ ನನ್ನದು.

ಆಳು ಗಟ್ಟಿಮುಟ್ಟು. ಅರ್ಧ ತೋಳಿನ ಷರಟು, ಜೇಬಿನಲ್ಲಿ ಎಂದೂ ಬರೆಯದ ಪೆನ್ನು. ಮೊದಲು ಎಲ್ಲೋ ಟೆಲಿಫೋನ್ ತಯಾರಿಸುವ ಕಡೆ ಇದ್ದವರು, ವರ್ಷಗಟ್ಟಲೆ ಹೆಡ್‌ಫೋನ್ ಹಾಕಿಕೊಂಡು ಫೋನುಗಳ ಸದ್ದು ಪರೀಕ್ಷಿಸಿದವರು. ದನಿ ದೊಡ್ಡದು. ಗುಟ್ಟು ಹೇಳಿದರೆ ಕೆಳಗಿನ ಟೈಲ್ಸ್ ಅಂಗಡಿಯವನಿಗೂ ಗೊತ್ತಾಗುತ್ತಿತ್ತು. ಹೊಗಳಲು ಮಹಾ ಜುಗ್ಗ, “ಪರ್ವಾಗಿಲ್ಲ” ಅಂದರೆ ಅದೇ ಸನ್ಮಾನ. ಅವರೆಕಾಯಿ ಕಾಲದಲ್ಲಿ ಡಬ್ಬಿ ತುಂಬ ಹಿತಕಿದ ಅವರೆಬೇಳೆ ಸಾರು ತಂದು ಎಲ್ಲರಿಗೂ ಬಡಿಸಿ, ಯಾರಾದರೂ ಚೆನ್ನಾಗಿದೆ ಎಂದರೆ “ಸರಿ ಸರಿ” ಎಂದುಬಿಡುತ್ತಿದ್ದರು. ಆ ಸರಿ ಸರಿ ಎಲ್ಲದಕ್ಕೂ ಇತ್ತು. ರಜೆ ಬೇಕು ಅಂದರೂ ಸರಿ ಸರಿ, ಪ್ರಿಂಟರ್ ಕೆಟ್ಟಿದೆ ಅಂದರೂ ಸರಿ ಸರಿ. ಸ್ವಲ್ಪ ಗರ್ವದ ಮನುಷ್ಯ ಎಂದುಕೊಂಡಿದ್ದೆ.

ಪಟಾಲಮ್ಮಿನಲ್ಲಿ ಸರ್‌ಗೆ ಅತಿ ಪ್ರೀತಿಯವನು ಎದ್ದು ಹೋದ ಗಿರಾಕಿ. ಇವನು ಪುಟ ಕೇಳುತ್ತಾನೆ, ಉತ್ತರ ಬರಲು ಶುರುವಾದ ಮೇಲೆ ಅರ್ಧಕ್ಕೇ ಸಂಪರ್ಕ ಕಡಿದು ಹೊರಟುಹೋಗುತ್ತಾನೆ. ಆಮೇಲೆ ನಮ್ಮ ಟೆಸ್ಟು ಲಾಗ್ ತೆರೆದು, ಸರ್ವರ್ ಏನು ಬರೆದಿದೆ ಎಂದು ಓದುತ್ತದೆ. ಓದಿದರೆ, ಅಲ್ಲಿ ೨೦೦ ಎಂದೇ ಇತ್ತು. ಗಿರಾಕಿ ಹೋಗಿಯಾಗಿದೆ, ಅರ್ಧ ಪುಟ ಗಾಳಿಗೆ ಹೋಗಿದೆ, ಸರ್ವರ್ ಮಾತ್ರ ಎಲ್ಲ ಸರಿಯಾಯಿತು ಎಂದು ಬರೆದು ಕೈತೊಳೆದುಕೊಂಡಿದೆ. ಉತ್ತರ ಹೊರಡುವ ಮೊದಲೇ ಅದು ಸಾಲು ಬರೆದುಬಿಡುತ್ತಿತ್ತು.

ಸರ್ವರ್ ಬರೆದವನು ಆರ್.ಟಿ. ನಗರದ ಇರ್ಫಾನ್. ಚುರುಕು ಹುಡುಗ, ಸಮಾಧಾನಿ. ಆದರೆ ತನ್ನ ಕೋಡಿನ ಮೇಲೆ ಮಾತು ಬಂದರೆ ಯಾರಿಗೆ ತಾನೇ ಉರಿಯುವುದಿಲ್ಲ?

“ಸರ್, ನಾವ್ ಕಳ್ಸಿದೀವಿ. ಅವ್ನು ಎದ್ದು ಹೋದ್ರೆ ನಮ್ದೇನ್ ತಪ್ಪು?”

“ತಪ್ಪು ನಿಂದು ಅಂತ ಯಾರಪ್ಪ ಅಂದೋರು? ಕಳ್ಸಿದೆ ಅಂತ ಬರಿ. ಸರಿಯಾಯ್ತು ಅಂತ ಯಾಕ್ ಬರೀತೀಯ?”

“ಎಲ್ರೂ ಹಿಂಗೇ ಬರಿಯೋದು ಸರ್.”

“ಎಲ್ರೂ ಸುಳ್ಳೇಳ್ತಾರೆ ಅಂತ ಪೆಟ್ಗೆನೂ ಏಳ್ಬೇಕಾ? ಕೇಳಿಸ್ದೇನೇ ತಲೆ ಆಡಿಸೋದು ಮನುಷ್ಯರ ಚಾಳಿ ಕಣಪ್ಪ. ಅದ್ಕೂ ಕಲಿಸ್ಬೇಡ.”

ಇಷ್ಟು ಹೇಳಿ ಅವರು ಯಾಕೋ ಥಟ್ಟನೆ ಪರದೆಯ ಕಡೆ ತಿರುಗಿದರು. ಇರ್ಫಾನ್ ಎದ್ದು, ಅವರ ಕುರ್ಚಿಯ ಹಿಂದಿನಿಂದ ಸುತ್ತಿ ಬಲಗಡೆಗೆ ಬಂದು, ಬಗ್ಗಿ ನಿಧಾನವಾಗಿ “ಮಾಡ್ತೀನಿ ಸರ್” ಎಂದ. ಈ ಕಡೆಯಿಂದಲೇ ಹೇಳಬಹುದಿತ್ತಲ್ಲ, ಅಷ್ಟು ದೂರ ಯಾಕೆ ಸುತ್ತಿದ ಎಂದು ನನಗೆ ಹೊಳೆಯಲಿಲ್ಲ. ಆ ವಾರವೇ ಅವನು ಕೋಡ್ ಬದಲಿಸಿದ. ಕೊನೆಯ ತುಣುಕು ಹೋಗಿ, ಆ ಕಡೆಯಿಂದ ಮುಟ್ಟಿತು ಎಂಬ ಸೂಚನೆ ಬಂದ ಮೇಲೆಯೇ ೨೦೦. ಗಿರಾಕಿ ನಡುವೆ ಎದ್ದು ಹೋದರೆ ಅದಕ್ಕೊಂದು ಬೇರೆಯೇ ಸಂಖ್ಯೆ. ಪರದೆ ಹಸಿರಾಯಿತು. ಸರ್ ನೋಡಿ, ಪರ್ವಾಗಿಲ್ಲ ಎಂದರು.

ಸಂಜೆ ನಾವಿಬ್ಬರೂ ಒಂದೇ ಬಸ್ಸು. ನಾನು ಯಲಹಂಕದಲ್ಲಿ ಮನೆಗೆ ನಡೆದರೆ, ಅವರು ಅಲ್ಲಿಂದ ಬಾಗಲೂರಿನ ಬಸ್ಸು ಹಿಡಿಯುತ್ತಿದ್ದರು. ಏರ್‌ಪೋರ್ಟ್ ರಸ್ತೆಯಲ್ಲಿ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ, ಬಸ್ಸು ತೆವಳುತ್ತಿತ್ತು, ಸುತ್ತಲೂ ಯಂತ್ರಗಳ ಗದ್ದಲ. ಆಫೀಸಿನಲ್ಲಿ ಹರಟೆಗೇ ಬಾರದ ಮನುಷ್ಯ ಬಸ್ಸಿನಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ. ಅವರಪ್ಪನ ಕಾಲದ ದ್ರಾಕ್ಷಿ ತೋಟ, ಹೆಂಡತಿಯನ್ನು, ಅಂದರೆ ನಮ್ಮ ಆಂಟಿಯನ್ನು, ಹೆಣ್ಣು ನೋಡಲು ಹೋಗಿ ಬೇರೆಯವರ ಮನೆಯಲ್ಲಿ ಉಪ್ಪಿಟ್ಟು ತಿಂದು ಬಂದದ್ದು, ಎಲ್ಲವನ್ನೂ ಕಂಡಕ್ಟರಿಗೂ ಕೇಳುವಂತೆ ಹೇಳುತ್ತಿದ್ದರು. ನಾನು ಕಿರುಚಿ ಕಿರುಚಿ ಉತ್ತರಿಸುತ್ತಿದ್ದೆ. ಬಸ್ಸಿನಲ್ಲಿ ಎಲ್ಲರೂ ಕಿರುಚಲೇಬೇಕಾಗಿದ್ದುದೇ ಅವರ ಖುಷಿಗೆ ಕಾರಣ ಎಂಬುದು ತಡವಾಗಿ ಗೊತ್ತಾಯಿತು.

ಗೊತ್ತಾದದ್ದು ಹೀಗೆ. ಪುಣೆಯವರ ಜೊತೆ ವಾರಕ್ಕೊಂದು ಫೋನ್ ಸಭೆ. ಗಾಜಿನ ಕೋಣೆಯಲ್ಲಿ ಮೇಜಿನ ನಡುವೆ ಸ್ಪೀಕರ್ ಫೋನ್ ಇಟ್ಟುಕೊಂಡು ಎಲ್ಲರೂ ಸುತ್ತ ಕೂರುತ್ತಿದ್ದೆವು. ಒಂದು ವಾರ ನಾನು ರಜೆಯಲ್ಲಿದ್ದೆ. ಹೊಸ ಸಾಫ್ಟ್‌ವೇರನ್ನು ತಮ್ಮ ಕಟ್ಟಡಗಳ ಪೆಟ್ಟಿಗೆಗಳಿಗೆಲ್ಲ ಹಾಕಬಹುದೇ, ಟೆಸ್ಟಿಂಗ್ ಮುಗಿದಿದೆಯೇ ಎಂದು ಅವರು ಸರ್ ಅನ್ನೇ ಕೇಳಿದರಂತೆ. ಸರ್ ಓಕೆ ಓಕೆ ಎಂದರಂತೆ. ಆದರೆ ಆಗ ಜಗಲಿ ರಾಮ ಕೆಂಪಿನಲ್ಲಿದ್ದ. ಕೆಲಸ ಮುಗಿದ ಸಂಪರ್ಕಗಳನ್ನು ಸರ್ವರ್ ಮುಚ್ಚುತ್ತಿರಲಿಲ್ಲ, ಜಗಲಿ ತುಂಬಿದರೆ ಹೊಸ ಗಿರಾಕಿಗೆ ಜಾಗವೇ ಇಲ್ಲ. ಅಲ್ಲೂ ಹಾಗೇ ಆಯಿತು. ಪೆಟ್ಟಿಗೆಗಳು ಒಂದೊಂದಾಗಿ ಮಾತು ನಿಲ್ಲಿಸಿದವು. ಅಪಾರ್ಟ್‌ಮೆಂಟಿನವರಿಗೆ ಟ್ಯಾಂಕಿನಲ್ಲಿ ನೀರಿದೆಯೋ ಇಲ್ಲವೋ ಕಾಣದೆ ಗಲಾಟೆ ಎದ್ದಿತು.

ನಾನು ಬಂದಾಗ ಮ್ಯಾನೇಜರ್ ಎಲ್ಲರ ಮುಂದೆ ಸರ್ ಎದುರು ನಿಂತಿದ್ದ.

“ಸರ್, ನೀವೇ ಓಕೆ ಅಂದ್ರಲ್ಲ. ರೆಡ್ ಇದೆ ಅಂತ ನಿಮ್ಗೇ ಗೊತ್ತಿತ್ತು. ಯಾಕ್ ಅಂದ್ರಿ?”

“ಅಂದೆ. ನಂದೇ ತಪ್ಪು.”

“ಇನ್ನೊಂದ್ಸಲ ಹಿಂಗಾದ್ರೆ ನಿಮ್ಮನ್ನ ಇಲ್ಲಿಂದ ತೆಗೀಬೇಕಾಗತ್ತೆ. ಸ್ಟೋರ್ ನೋಡ್ಕೊಳ್ಳೋಕೆ ಹಾಕ್ತೀನಿ.”

“ಸರಿ ಸರಿ.”

ಆ ಸರಿ ಸರಿ ಕೇಳಿದಾಗ ನನಗೆ ಹೊಳೆಯಿತು. ಸ್ಟೋರ್ ಎಂಬ ಮಾತು ಅವರಿಗೆ ಕೇಳಿಸಿಯೇ ಇರಲಿಲ್ಲ. ಮ್ಯಾನೇಜರ್ ಆ ಮಾತನ್ನು ಅವರ ಎಡಗಡೆಗೆ ಸರಿದು, ನೆಲ ನೋಡುತ್ತ ಹೇಳಿದ್ದ. ಇರ್ಫಾನ್ ನನ್ನ ಕಡೆ ನೋಡಿದ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಅವನ ಅಮ್ಮಿಗೂ ಒಂದು ಕಿವಿ ಹೀಗೇ ಇತ್ತಂತೆ, ಅದಕ್ಕೇ ಬಲಗಡೆಗೆ ಸುತ್ತಿ ಹೋಗುತ್ತಿದ್ದ. ಹೇಳಲು ಮಾತ್ರ ಅವನಿಗೂ ಸಂಕೋಚ.

ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಬಾಲ್ಕನಿಗೆ ಹೋದೆ. ಸರ್ ಹೆಬ್ಬಾಳದ ಫ್ಲೈಓವರ್ ಕಡೆ ನೋಡುತ್ತ ತಮ್ಮ ಮುದ್ದೆ ಮುಟ್ಟದೆ ಕೂತಿದ್ದರು. ನಾನು ಬಲಗಡೆಗೆ ಹೋಗಿ ಕೂತೆ. ಅವರು ಒಮ್ಮೆ ನನ್ನನ್ನು, ಒಮ್ಮೆ ನಾನು ಕೂತ ಜಾಗವನ್ನು ನೋಡಿದರು. ಅಷ್ಟರಲ್ಲೇ ಎಲ್ಲ ತಿಳಿದುಹೋಯಿತು.

“ಎಡಗಿವಿ ಓಗಿ ಬಾಳ ವರ್ಸ ಆಯ್ತಮ್ಮ. ಈಗ ಇದೂ ಓಗ್ತಾ ಐತೆ. ಆ ಫೋನ್ ಪೆಟ್ಗೇಲಿ ಬರಿ ಗೊರಗೊರ ಅಂತದೆ. ಎಲ್ರೂ ನನ್ನೇ ನೋಡ್ತಾ ಕೂತಿದ್ರು. ಓಕೆ ಅಂದ್ಬಿಟ್ಟೆ.”

“ಕೇಳಿಸ್ಲಿಲ್ಲ ಅಂತ ಹೇಳ್ಬೋದಿತ್ತಲ್ಲ ಸರ್.”

“ಒಂದ್ಸಲ ಏಳ್ಬೋದು. ಎರಡ್ಸಲ ಏಳ್ಬೋದು. ಮೂರನೇ ಸಲ ಮುದ್ಕ ಅಂತಾರೆ. ಆಮೇಲೆ ಮಾತಾಡ್ಸೋದೇ ಬಿಡ್ತಾರೆ ಕಣಮ್ಮ.” ಡಬ್ಬಿಯನ್ನು ಹತ್ತಿರ ಎಳೆದುಕೊಂಡು ಕೇಳಿದರು, “ಅವ್ನು ಕೊನೇಗೇನಂದ?”

ಸ್ಟೋರ್ ಎಂದು ಹೇಳಿದೆ. ಅವರ ಬಲಗಿವಿಗೆ, ಸ್ಪಷ್ಟವಾಗಿ, ಹೇಳಬೇಕಾಯಿತು. ಅವರು ಮುದ್ದೆ ಮುರಿದು ಬಾಯಿಗಿಟ್ಟುಕೊಂಡರು. ಟೆಸ್ಟಿಂಗ್ ಬಿಟ್ಟರೆ ಅವರಿಗೆ ಬೇರೆ ಲೋಕವಿರಲಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಯಾರಿಗೂ ಹೇಳಬೇಡ ಎಂದರು.

ಮುಂದಿನ ಸಭೆಯಿಂದ ನಾನು ಅವರ ಪಕ್ಕ ಲ್ಯಾಪ್‌ಟಾಪ್ ತೆರೆದು ಕೂರತೊಡಗಿದೆ. ಆ ಕಡೆಯವರು ಹೇಳಿದ್ದನ್ನು ಹೇಳಿದ ಹಾಗೇ ಟೈಪ್ ಮಾಡುವುದು, ಅವರು ಓದಿ ಉತ್ತರಿಸುವುದು. ಕೇಳಿದವರಿಗೆ ಸಭೆಯ ಟಿಪ್ಪಣಿ ಎಂದು ಹೇಳಿದೆ. ಪ್ರಶ್ನೆ ಮುಗಿದು, ನನ್ನ ಬೆರಳು ಮುಗಿದು, ಅವರ ಕಣ್ಣು ಓದಿ, ಆಮೇಲೆ ಉತ್ತರ. ನಡುವೆ ಒಂದು ದೊಡ್ಡ ಮೌನ. ಈ ಮೌನಕ್ಕೆ ಪುಣೆಯವರು ಮರುಳಾದರು. ನಿಮ್ಮ ಟೆಸ್ಟಿಂಗ್ ಹಿರಿಯರು ಎಷ್ಟು ಯೋಚಿಸಿ ಮಾತಾಡುತ್ತಾರೆ ಎಂದು ಮ್ಯಾನೇಜರಿಗೆ ಹೇಳಿದರಂತೆ. ಅವನು ಬಂದು ಅದನ್ನು ಸರ್‌ಗೆ ಹೇಳಿದ. ಸರ್ ನನ್ನ ಪರದೆ ನೋಡಿದರು. ನಾನು ಟೈಪ್ ಮಾಡಿದೆ. ಓದಿ, ಗಂಭೀರವಾಗಿ, “ಪರ್ವಾಗಿಲ್ಲ” ಎಂದರು. ಇರ್ಫಾನ್ ನಗು ತಡೆಯಲಾರದೆ ನೀರು ಕುಡಿಯಲು ಎದ್ದು ಹೋದ.

ನನ್ನ ಬದುಕಿನಲ್ಲಿ ನಾನು ಅಷ್ಟು ಶ್ರದ್ಧೆಯಿಂದ ಇನ್ನೇನನ್ನೂ ಮಾಡಿಲ್ಲ. ಏನಾದರೂ ಬಿಟ್ಟರೆ ಅವರಿಗೆ ಸಿಟ್ಟು. ಯಾರೋ ಕೆಮ್ಮಿದರೆ ಕೆಮ್ಮು ಎಂದು ಬರೆಯಬೇಕು. ಬಿಟ್ಟದ್ದು ಹೇಗೆ ಗೊತ್ತಾಗುತ್ತಿತ್ತೋ, ಮುಖಗಳನ್ನು ಓದುತ್ತಿದ್ದರೋ ಏನೋ. ಒಂದು ದಿನ ಮ್ಯಾನೇಜರ್ ಒರಟಾಗಿ ಆಡಿದ ಮಾತನ್ನು ನಾನು ಮೆತ್ತಗೆ ಮಾಡಿ ಬರೆದೆ. ಹೊರಗೆ ಬಂದ ಮೇಲೆ ಅಂದರು, “ಸಕ್ರೆ ಆಕ್ಬೇಡ. ಅಂದಿದ್ದು ಅಂದಂಗೇ ಬರಿ. ನೀನೂ ಸುಳ್ಳು ಲಾಗ್ ಬರೆದ್ರೆ ನಾನ್ ಯಾರ್ನ ನಂಬ್ಲಿ?”

ಆಂಟಿ ಹಟ ಹಿಡಿದು ಕಿವಿಗೆ ಮಷೀನು ಹಾಕಿಸಿದರು. ಸರ್ ಅದನ್ನು ಆಫೀಸಿಗೆ ಒಂದೇ ಒಂದು ದಿನ ಹಾಕಿಕೊಂಡು ಬಂದರು. ಎ.ಸಿ. ಸದ್ದು ಲಾರಿಯ ಹಾಗೆ ಕೇಳುತ್ತದೆ, ನೀವೆಲ್ಲ ಕೀಬೋರ್ಡ್ ಕುಟ್ಟುವುದು ಭತ್ತ ಕುಟ್ಟಿದ ಹಾಗಿದೆ ಎಂದು ತೆಗೆದು ಪೆನ್ ಸ್ಟ್ಯಾಂಡಿನಲ್ಲಿ ಹಾಕಿದರು. ಅದು ಅಲ್ಲೇ ಉಳಿಯಿತು. ಜಂಬವೇ ಅದಕ್ಕೆ ಕಾರಣ ಎಂದು ನಾನು ಇಂದಿಗೂ ನಂಬುತ್ತೇನೆ.

ಕೆಲವು ವರ್ಷಗಳಲ್ಲಿ ಕಂಪನಿಯನ್ನು ಇನ್ಯಾರೋ ಕೊಂಡರು. ಆಫೀಸು ಊರಿನ ಇನ್ನೊಂದು ತುದಿಗೆ ಹೋಯಿತು. ಸರ್ ನಿವೃತ್ತರಾದರು, ಇರ್ಫಾನ್ ಬೇರೆ ಕಡೆ ಹೋದ, ನಾನೂ ಯಶವಂತಪುರದ ಹತ್ತಿರ ಒಂದು ಕಂಪನಿ ಸೇರಿದೆ. ಆಗಾಗ ಭಾನುವಾರ ಬಾಗಲೂರಿಗೆ ಹೋಗುತ್ತಿದ್ದೆ. ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವ ಮಗ ಮೇಲಿನ ಮಹಡಿಯಲ್ಲಿ, ಸರ್ ಮತ್ತು ಆಂಟಿ ಕೆಳಗೆ. ಬಾಗಿಲ ಪಕ್ಕ ಪ್ಲಾಸ್ಟಿಕ್ ನೇಯ್ಗೆಯ ಕುರ್ಚಿಯೊಂದು ಅವರ ಖಾಯಂ ಜಾಗ. ಅಷ್ಟರಲ್ಲಿ ಬಲಗಿವಿಯೂ ಮುಕ್ಕಾಲು ಹೋಗಿತ್ತು. ಯಾರು ಏನು ಹೇಳಿದರೂ ಆಂಟಿ ಅವರ ಬಲಗಡೆ ಬಗ್ಗಿ, ಅದನ್ನೇ ದೊಡ್ಡ ದನಿಯಲ್ಲಿ ಮತ್ತೆ ಹೇಳುತ್ತಿದ್ದರು. ಆಂಟಿಯ ದನಿಯೊಂದು ಹೇಗೋ ಒಳಗೆ ಹೋಗುತ್ತಿತ್ತು. ತಲೆಯ ಮೇಲೆ ವಿಮಾನ ಹಾರಿದರೆ ನಾವಿಬ್ಬರೂ ಮಾತು ನಿಲ್ಲಿಸಬೇಕು, ಸರ್ ಮಾತ್ರ ಏನೂ ಆಗದವರಂತೆ ಮುಂದುವರಿಸುತ್ತಿದ್ದರು. ಇದೊಂದು ಲಾಭ ನೋಡು ಎನ್ನುತ್ತಿದ್ದರು.

ಮೊಬೈಲಿನಲ್ಲಿ ಬರೆದು ಕಳಿಸುತ್ತೇನೆ ಎಂದರೆ ಒಪ್ಪುತ್ತಿರಲಿಲ್ಲ. “ಬರೆಯೋದು ಆಫೀಸ್ಗೆ. ಮನೆಗೆ ಫೋನ್ ಮಾಡು, ದನಿ ಕೇಳಿಸ್ದಂಗಾಯ್ತದೆ.” ಆದ್ದರಿಂದ ಫೋನೇ ಮಾಡುತ್ತಿದ್ದೆ. ಆಂಟಿ ಪಕ್ಕದಲ್ಲಿದ್ದರೆ ಸ್ಪೀಕರ್ ಹಾಕಿಕೊಂಡು ಮಾತು ದಾಟಿಸುತ್ತಿದ್ದರು.

೨೦೧೯ರಲ್ಲಿ ಹೊಸ ಕಂಪನಿಯ ಟೆಸ್ಟಿಂಗ್ ಪೂರ್ತಿ ನನ್ನ ಕೈಗೆ ಬಂತು. ದೊಡ್ಡ ಕಂಪನಿ, ದೊಡ್ಡ ಸರ್ವರ್, ಬರೆದವರೆಲ್ಲ ಘಟಾನುಘಟಿಗಳು. ನಾನು ಮೊದಲು ಬರೆದದ್ದು ಎದ್ದು ಹೋದ ಗಿರಾಕಿಯನ್ನು. ಓಡಿಸಿದೆ. ಪರದೆ ಕೆಂಪಗಾಯಿತು. ಅರ್ಧಕ್ಕೇ ಎದ್ದು ಹೋದವನ ಹೆಸರಿನಲ್ಲಿ ಇಲ್ಲೂ ೨೦೦. ನನಗೆ ಕುಣಿಯುವಷ್ಟು ಖುಷಿಯಾಯಿತು, ಮರುಕ್ಷಣವೇ ಅಳು ಬಂತು. ಆ ಕೆಂಪು ನೋಡಿ ಕಳೆ ಬರಬೇಕಾದ ಮುಖ ಪಕ್ಕದಲ್ಲಿರಲಿಲ್ಲ. ಮೆಟ್ಟಿಲ ಹತ್ತಿರ ಹೋಗಿ ಫೋನ್ ಮಾಡಿದೆ. ಸರ್ ತಾವೇ ಎತ್ತಿದರು.

“ಸರ್, ನಿಮ್ ಗಿರಾಕಿ ಇಲ್ಲೂ ಹಿಡಿದ ಸರ್. ಇಲ್ಲೂ ಸುಳ್ಳು ಬರೀತಿತ್ತು. ನೀವು ಪಕ್ಕದಲ್ಲಿರ್ಬೇಕಿತ್ತು ಅನ್ನಿಸ್ತು. ನಂಗೆ ದಿನಾ ಹಂಗೇ ಅನ್ಸತ್ತೆ ಸರ್.”

“ಊಂ. ಸರಿ ಸರಿ.”

“ತಲುಪ್ತಾ ಸರ್?”

“ಸರಿ ಸರಿ. ಭಾನ್ವಾರ ಬಾ. ಅವರೆಕಾಯ್ ಬಂದೈತೆ.”

ಆ ಭಾನುವಾರ ನನಗೆ ಜ್ವರ. ಮುಂದಿನ ಭಾನುವಾರ ಹೋದರಾಯಿತು ಎಂದುಕೊಂಡೆ. ಅದರ ಹಿಂದಿನ ದಿನ ಬೆಳಿಗ್ಗೆ, ಪೇಪರ್ ಓದುತ್ತ ಕೂತ ಕುರ್ಚಿಯಲ್ಲೇ ಅವರು ಹೋಗಿಬಿಟ್ಟರು.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಭಾನುವಾರ ಆಂಟಿಯ ಹತ್ತಿರ ಹೋದೆ. ಬಾಗಿಲ ಪಕ್ಕ ಕುರ್ಚಿ ಹಾಗೇ ಇತ್ತು. ಆಂಟಿ ಕಾಫಿ ಕೊಟ್ಟು, ಆ ಕುರ್ಚಿಯ ಪಕ್ಕ ನನ್ನೆದುರಿಗೆ ಕೂತರು.

“ಅವತ್ತು ನೀನು ಫೋನ್ ಮಾಡ್ದಾಗ ನಾನು ಅಂಗ್ಡಿಗ್ ಓಗಿದ್ದೆ ಕಣಮ್ಮ,” ಆಂಟಿ ಹೇಳಿದರು. “ಬರೋಷ್ಟೊತ್ಗೆ ಫೋನ್ ಕೈಲಿಟ್ಕೊಂಡು ಕೂತವ್ರೆ. ಮಗೀನ ಫೋನು, ಏನೇನೋ ಏಳಿದ್ಲು, ಒಂದೂ ಕೇಳಿಸ್ಲಿಲ್ಲ ಅಂದ್ರು. ಇನ್ನೊಂದ್ಸಲ ಮಾಡ್ಲಾ ಅಂದೆ. ಬ್ಯಾಡ, ಬತ್ತಾಳಲ್ಲ, ನೀನ್ ಪಕ್ಕದಾಗಿರು, ಆಗ ಏಳ್ಸಾನ ಅಂದ್ರು. ಎರಡು ಭಾನ್ವಾರ ಕಾದ್ರು.”

ಎರಡನೆಯದಕ್ಕೆ ಅವರಿರಲೇ ಇಲ್ಲ, ಆದರೆ ಆಂಟಿಯ ಲೆಕ್ಕ ತಿದ್ದಲು ನನಗೆ ಮನಸ್ಸಾಗಲಿಲ್ಲ.

“ಏನಮ್ಮ ಏಳಿದ್ದೆ ಅವತ್ತು?”

ಲೋಟ ಕೆಳಗಿಟ್ಟೆ. ಹೇಳಿದ್ದನ್ನು ಹೇಳಿದ ಹಾಗೇ, ಏನೂ ಸೇರಿಸದೆ, ಏನೂ ಬಿಡದೆ ಹೇಳಿದೆ. ನಿಮ್ ಗಿರಾಕಿ ಇಲ್ಲೂ ಹಿಡಿದ ಸರ್. ಇಲ್ಲೂ ಸುಳ್ಳು ಬರೀತಿತ್ತು. ನೀವು ಪಕ್ಕದಲ್ಲಿರ್ಬೇಕಿತ್ತು ಅನ್ನಿಸ್ತು. ನಂಗೆ ದಿನಾ ಹಂಗೇ ಅನ್ಸತ್ತೆ ಸರ್.

ಆಂಟಿ ಗಮನವಿಟ್ಟು ಕೇಳಿಸಿಕೊಂಡರು. ಆಮೇಲೆ, ರೂಢಿ ನೋಡಿ, ಅದನ್ನೇ ದೊಡ್ಡ ದನಿಯಲ್ಲಿ ಮತ್ತೆ ಹೇಳಲು ಬಾಯಿ ತೆರೆದು, ಕುರ್ಚಿಯ ಬಲಗಡೆಗೆ ಬಗ್ಗಿದರು.